ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಪ್ರಿಂಟರ್, ನುಡಿ, ಥಂಬ್ ಡಿವೈಸ್ ಕೈಕೊಟ್ಟರೆ ಏನು ಮಾಡಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅದಾದ ಮೇಲೆ ಡಿಟಿಪಿ ಅಂಗಡಿ, ಸೈಬರ್ ಸೆಂಟರ್, ಗ್ರಾಮ ಒನ್ ಕೇಂದ್ರ, ಸೊಸೈಟಿ ಕಚೇರಿ, ಲೆಕ್ಕ ಬರೆಯುವವರ ಆಫೀಸು, ಹೀಗೆ ಎಲ್ಲ ಕಡೆ ಒಂದೇ ಪ್ರಶ್ನೆ: ವಿಂಡೋಸ್ 11 ಹಾಕಿಸೋದಾ, ಬೇಡವಾ?

ಹಾಕಿಸಿದ ಮೇಲೆ ಬರುವ ತೊಂದರೆಯೇ ಬೇರೆ. ಕಂಪ್ಯೂಟರ್ ಚೆನ್ನಾಗಿಯೇ ಆನ್ ಆಗುತ್ತೆ, ನೆಟ್ಟೂ ಬರುತ್ತೆ. ಆದರೆ ಪ್ರಿಂಟ್ ಕೊಟ್ಟರೆ ಹಾಳೆ ಹೊರಗೆ ಬರೋದಿಲ್ಲ. ಹಳೆಯ ಕನ್ನಡ ಫೈಲ್ ತೆರೆದರೆ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಆಧಾರ್ ಹಣ ತೆಗೆಯಲು ಬಂದವರ ಬೆರಳು ಸ್ಕ್ಯಾನ್ ಆಗೋದಿಲ್ಲ. ಅಂಗಡಿ ಮುಂದೆ ಜನ ನಿಂತಿರುವಾಗ ಹೀಗಾದರೆ ಆ ದಿನದ ದುಡಿಮೆಗೇ ಪೆಟ್ಟು.

ಇಂಥ ಹೊತ್ತಲ್ಲಿ ಮೊದಲು ಬರುವ ಸಲಹೆ, 'ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕೋಣ' ಎಂಬುದು. ಹೆಚ್ಚಿನ ಸಲ ಅದರ ಅಗತ್ಯವೇ ಇರೋದಿಲ್ಲ. ಫಾರ್ಮ್ಯಾಟ್ ಮಾಡಿದರೆ ಹಳೆಯ ಫಾಂಟ್, ಡ್ರೈವರ್, ಲೈಸೆನ್ಸ್ ಜೊತೆಗೆ ಹಿಂದಿನ ವಿಂಡೋಸ್‌ಗೆ ಮರಳುವ ದಾರಿಯೂ ಹೋಗುತ್ತೆ. ತೊಂದರೆ ಇರುವುದು ಸಾಮಾನ್ಯವಾಗಿ ವಿಂಡೋಸ್‌ನಲ್ಲಲ್ಲ, ಅದಕ್ಕೆ ಜೋಡಿಸಿದ ಯಾವುದೋ ಒಂದು ಹಳೆಯ ಡ್ರೈವರ್ ಅಥವಾ ಸಾಫ್ಟ್‌ವೇರ್‌ನಲ್ಲಿ. ಅದು ಯಾವುದು ಅಂತ ಪತ್ತೆ ಮಾಡುವ ಕ್ರಮ ಇಲ್ಲಿದೆ.

ಅಪ್‌ಗ್ರೇಡ್ ಅಷ್ಟು ಅರ್ಜೆಂಟಾ?

ಸಪೋರ್ಟ್ ಮುಗಿದರೂ ವಿಂಡೋಸ್ 10 ಬಂದ್ ಆಗೋದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ರಿಪೇರಿ ಸಿಗೋದಿಲ್ಲ. ಬ್ಯಾಂಕಿಂಗ್, ಆಧಾರ್, ಜಿಎಸ್‌ಟಿ ಕೆಲಸ ಮಾಡುವ ಕಂಪ್ಯೂಟರ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ.

ತಯಾರಿಗೆ ಸಮಯ ಬೇಕು ಅನ್ನುವವರಿಗೆ ಮೈಕ್ರೋಸಾಫ್ಟ್ ಒಂದು ದಾರಿ ಬಿಟ್ಟಿದೆ. ಅದರ ಹೆಸರು ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್, ಚಿಕ್ಕದಾಗಿ ಇಎಸ್‌ಯು. ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಇದರಲ್ಲಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಇದೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಲಿಂಕ್ ಕಾಣುತ್ತೆ. ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಅದು ಬೇಡ ಅನ್ನುವವರು 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್ ಲೆಕ್ಕದ ಶುಲ್ಕ ಕೊಡಬಹುದು. ಕಂಪನಿ, ಸಂಸ್ಥೆಗಳಿಗೆ ಬೇರೆ ದರದಲ್ಲಿ ಗರಿಷ್ಠ ಮೂರು ವರ್ಷದ ಯೋಜನೆ ಇದೆ.

ಅಂದರೆ ಇವತ್ತು ಸಂಜೆಯೇ ಅಪ್‌ಗ್ರೇಡ್ ಮಾಡಬೇಕು ಅಂತೇನಿಲ್ಲ. ಎಲ್ಲ ನೋಡಿಕೊಂಡು, ಕೆಲಸ ಕಡಿಮೆ ಇರುವ ದಿನ ಆರಿಸಿಕೊಂಡು ಮಾಡಬಹುದು.

ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಆಗುತ್ತಾ?

ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಅಗತ್ಯಗಳು ಇವು:

- ಪಟ್ಟಿಯಲ್ಲಿರುವ 64-ಬಿಟ್ ಪ್ರೊಸೆಸರ್, ಕನಿಷ್ಠ 2 ಕೋರ್, 1 ಗಿಗಾಹರ್ಟ್ಜ್ ವೇಗ
- 4 ಜಿಬಿ ರ‍್ಯಾಮ್
- 64 ಜಿಬಿ ಸ್ಟೋರೇಜ್
- ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ
- ಟಿಪಿಎಂ 2.0
- ಡೈರೆಕ್ಟ್‌ಎಕ್ಸ್ 12ಕ್ಕೆ ಹೊಂದುವ ಗ್ರಾಫಿಕ್ಸ್

ರ‍್ಯಾಮ್, ಹಾರ್ಡ್‌ಡಿಸ್ಕ್ ವಿಷಯದಲ್ಲಿ ತೊಂದರೆ ಕಡಿಮೆ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಪ್ರೊಸೆಸರ್ ಮತ್ತು ಟಿಪಿಎಂ ಹತ್ತಿರ.

ಇಂಟೆಲ್‌ನಲ್ಲಿ ಬೆರಳೆಣಿಕೆಯ ಮಾದರಿ ಬಿಟ್ಟರೆ 8ನೇ ತಲೆಮಾರು ಮತ್ತು ನಂತರದ್ದೇ ಆಗಬೇಕು. ತಲೆಮಾರು ಗುರುತಿಸೋದು ಸುಲಭ. ಐ3-7100 ಅಂದರೆ 7ನೇದು, ಐ5-8250ಯು ಅಂದರೆ 8ನೇದು, ಐ5-10210ಯು ಅಂದರೆ 10ನೇದು. ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮುಂದಕ್ಕೆ ಹೆಚ್ಚಿನವು ಪಟ್ಟಿಯಲ್ಲಿವೆ, ಎಲ್ಲವೂ ಅಲ್ಲ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಹಾಕಿ ನೋಡಿದರೆ ಯಾವುದು ಸರಿ ಇದೆ, ಯಾವುದು ಇಲ್ಲ ಅಂತ ಒಂದೊಂದಾಗಿ ತೋರಿಸುತ್ತೆ.

ಟಿಪಿಎಂ ಇಲ್ಲ ಅಂತ ಬಂತಾ? ಸ್ವಲ್ಪ ತಡೆಯಿರಿ

ಟಿಪಿಎಂ ಅನ್ನೋದು ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ. ಹಲವು ಡೆಸ್ಕ್‌ಟಾಪ್‌ಗಳಲ್ಲಿ ಇದು ಪ್ರೊಸೆಸರ್ ಜೊತೆಗೇ ಇರುತ್ತೆ, ಆದರೆ ಬಯೋಸ್‌ನಲ್ಲಿ ಆಫ್ ಆಗಿರುತ್ತೆ. ಹಾಗಾಗಿ 'ಟಿಪಿಎಂ ಇಲ್ಲ' ಅಂತ ಬಂದ ಕೂಡಲೇ ಹೊಸ ಕಂಪ್ಯೂಟರ್‌ಗೆ ದುಡ್ಡು ಹೊಂದಿಸಲು ಹೋಗಬೇಡಿ. ಬಯೋಸ್‌ಗೆ ಹೋಗಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರಿನ ಆಯ್ಕೆ ಹುಡುಕಿ ಆನ್ ಮಾಡಿ.

ಇಲ್ಲಿ ಎರಡು ಎಚ್ಚರಿಕೆ ಅತಿ ಮುಖ್ಯ.

ಒಂದು, ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಇಲ್ಲವಾದರೆ ಮುಂದಿನ ಸಲ ಆನ್ ಮಾಡಿದಾಗ ಕಂಪ್ಯೂಟರ್ ಆ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಫೈಲ್‌ಗಳು ಕೈಗೆ ಸಿಗೋದಿಲ್ಲ.

ಎರಡು, ಹಳೆಯ ಲೆಗಸಿ ಮೋಡ್‌ನಲ್ಲಿರುವ ಕಂಪ್ಯೂಟರ್ ಅನ್ನು ಬಯೋಸ್‌ನಲ್ಲಿ ನೇರವಾಗಿ ಯುಇಎಫ್‌ಐಗೆ ಬದಲಿಸಬೇಡಿ. ಡಿಸ್ಕ್ ಎಂಬಿಆರ್ ಮಾದರಿಯಲ್ಲಿದ್ದರೆ ವಿಂಡೋಸ್ ಆನ್ ಆಗೋದೇ ಇಲ್ಲ. ಮೊದಲು ಡಿಸ್ಕ್ ಅನ್ನು ಜಿಪಿಟಿ ಮಾದರಿಗೆ ಬದಲಿಸಬೇಕು. ಅದಕ್ಕೆ ವಿಂಡೋಸ್‌ನಲ್ಲೇ 'ಎಂಬಿಆರ್2ಜಿಪಿಟಿ' ಎಂಬ ಉಪಕರಣ ಇದೆ, ಡೇಟಾ ಅಳಿಸದೆ ಕೆಲಸ ಮಾಡುತ್ತೆ. ಅನುಭವ ಇಲ್ಲದವರು ಇದನ್ನು ತಿಳಿದವರ ಕೈಲಿ, ಬ್ಯಾಕಪ್ ಆದ ಮೇಲಷ್ಟೇ ಮಾಡಿಸೋದು ಒಳ್ಳೇದು.

32-ಬಿಟ್ ವಿಂಡೋಸ್ ಇದ್ದರೆ ಲೆಕ್ಕವೇ ಬೇರೆ

ಸೆಟ್ಟಿಂಗ್ಸ್ > ಸಿಸ್ಟಮ್ > ಅಬೌಟ್ ತೆರೆದು 'ಸಿಸ್ಟಮ್ ಟೈಪ್' ನೋಡಿ. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿ ಇಲ್ಲವೇ ಇಲ್ಲ. 32-ಬಿಟ್ ವಿಂಡೋಸ್‌ನಿಂದ 64-ಬಿಟ್‌ಗೆ ನೇರ ಅಪ್‌ಗ್ರೇಡ್ ಕೂಡ ಸಾಧ್ಯವಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ವಿಂಡೋಸ್ 7ರಿಂದ ನೇರವಾಗಿ 11ಕ್ಕೆ ಹೋಗುವವರಿಗೂ ಇದೇ ಮಾತು.

ಸಾಮಾನ್ಯ 32-ಬಿಟ್ ಸಾಫ್ಟ್‌ವೇರ್‌ಗಳು 64-ಬಿಟ್ ವಿಂಡೋಸ್‌ನಲ್ಲಿ ಓಡುತ್ತವೆ. ಓಡದೇ ಇರೋದು ಎರಡು: 32-ಬಿಟ್ ಡ್ರೈವರ್‌ಗಳು ಮತ್ತು ಡಾಸ್ ಕಾಲದ 16-ಬಿಟ್ ಪ್ರೋಗ್ರಾಂಗಳು. ಡಾಸ್ ಕಾಲದಲ್ಲಿ ಬರೆಸಿದ ಬಿಲ್ಲಿಂಗ್ ಅಥವಾ ಲೆಡ್ಜರ್ ಪ್ರೋಗ್ರಾಂ ಇನ್ನೂ ಬಳಸುತ್ತಿರುವವರು ಇದನ್ನು ಮೊದಲೇ ಗಮನಿಸಬೇಕು. ಅಂಥ ಪ್ರೋಗ್ರಾಂಗೆ ಕಂಪ್ಯಾಟಿಬಿಲಿಟಿ ಮೋಡ್ ಕೂಡ ಸಹಾಯ ಮಾಡೋದಿಲ್ಲ.

ಅಪ್‌ಗ್ರೇಡ್‌ಗೆ ಮುಂಚೆ ಮಾಡಿಕೊಳ್ಳಬೇಕಾದ ಪಟ್ಟಿ

ಒಂದು ಹಾಳೆ ತಗೊಂಡು, ದಿನನಿತ್ಯ ಕೆಲಸಕ್ಕೆ ಬೇಕಾದ ಎಲ್ಲವನ್ನೂ ಬರೆಯಿರಿ. ಪ್ರಿಂಟರ್, ಸ್ಕ್ಯಾನರ್, ಥಂಬ್ ಡಿವೈಸ್, ಡಿಜಿಟಲ್ ಸಹಿಯ ಟೋಕನ್, ಕನ್ನಡ ಸಾಫ್ಟ್‌ವೇರ್, ಲೆಕ್ಕದ ಸಾಫ್ಟ್‌ವೇರ್, ಬಳಸುವ ಪೋರ್ಟಲ್‌ಗಳು. ಪ್ರತಿಯೊಂದರ ಮುಂದೆ ಮಾದರಿ ಸಂಖ್ಯೆ ಬರೆಯಿರಿ. ಆಮೇಲೆ ಆಯಾ ಕಂಪನಿಯ ವೆಬ್‌ಸೈಟಿನಲ್ಲಿ ವಿಂಡೋಸ್ 11ಕ್ಕೆ 64-ಬಿಟ್ ಡ್ರೈವರ್ ಇದೆಯಾ ನೋಡಿ. ಇದ್ದರೆ ಈಗಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಅಪ್‌ಗ್ರೇಡ್ ಆದ ಮೇಲೆ ವೈಫೈ ಡ್ರೈವರ್ರೇ ಕೈಕೊಟ್ಟರೆ ಡೌನ್‌ಲೋಡ್‌ಗೂ ದಾರಿ ಇರೋದಿಲ್ಲ.

ಇದರ ಜೊತೆಗೆ ಇಷ್ಟು ಕೆಲಸ ಮುಗಿಸಿ:

- ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಲೆಕ್ಕದ ಡೇಟಾ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಡಿ ಡ್ರೈವ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ, ಅದೂ ಅದೇ ಡಿಸ್ಕ್ ಆಗಿರಬಹುದು.
- ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ಕನ್ನಡ ಫಾಂಟ್‌ಗಳನ್ನು ಕಾಪಿ ಮಾಡಿಟ್ಟುಕೊಳ್ಳಿ.
- ಲೈಸೆನ್ಸ್ ಇರುವ ಸಾಫ್ಟ್‌ವೇರ್‌ಗಳ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡುವುದಾದರೆ, ಟ್ಯಾಲಿಯಂಥ ಸಾಫ್ಟ್‌ವೇರ್‌ನಲ್ಲಿ ಲೈಸೆನ್ಸ್ ಸರೆಂಡರ್ ಮಾಡುವ ಆಯ್ಕೆ ಇದೆ, ಅದನ್ನು ಮೊದಲು ಬಳಸಿ.
- ಸಿ ಡ್ರೈವ್‌ನಲ್ಲಿ 30 ಜಿಬಿಯಷ್ಟಾದರೂ ಖಾಲಿ ಇರಲಿ.
- ಯುಪಿಎಸ್ ಬ್ಯಾಟರಿ ಪರೀಕ್ಷಿಸಿ. ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ಕೆಲಸ ಕೆಡುತ್ತೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇಡಿ.
- ಡೌನ್‌ಲೋಡ್ ಹಲವು ಜಿಬಿ ಇರುತ್ತೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಕೂರಬೇಡಿ.

ಅಪ್‌ಗ್ರೇಡ್ ಮಧ್ಯದಲ್ಲೇ ನಿಂತರೆ

ಶೇಕಡಾವಾರು ಏರಿ ಏರಿ, ಕೊನೆಗೆ ಕಂಪ್ಯೂಟರ್ ವಾಪಸ್ ವಿಂಡೋಸ್ 10ಕ್ಕೇ ಬಂದು ನಿಲ್ಲೋದು ಸಾಮಾನ್ಯ ದೂರು. ಹಾಗಾದಾಗ ಪರದೆ ಮೇಲೆ ಬರುವ ಎರರ್ ಕೋಡ್ ಅನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ತೊಂದರೆ ಎಲ್ಲಿದೆ ಅಂತ ಆ ಕೋಡೇ ಹೇಳುತ್ತೆ.

- ಸಿ1900101 ಅಂತ ಇದ್ದರೆ: ಹೆಚ್ಚಾಗಿ ಡ್ರೈವರ್ ತೊಂದರೆ. ಕೀಬೋರ್ಡ್, ಮೌಸ್, ಮಾನಿಟರ್, ನೆಟ್ ಕೇಬಲ್ ಬಿಟ್ಟು ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು ಮತ್ತೆ ಪ್ರಯತ್ನಿಸಿ. ಗ್ರಾಫಿಕ್ಸ್, ವೈಫೈ ಡ್ರೈವರ್ ಅಪ್‌ಡೇಟ್ ಮಾಡಿ.
- ಸಿ1900208 ಇದ್ದರೆ: ಹೊಂದಿಕೆಯಾಗದ ಯಾವುದೋ ಸಾಫ್ಟ್‌ವೇರ್ ಅಪ್‌ಗ್ರೇಡ್ ಅನ್ನು ತಡೆಯುತ್ತಿದೆ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಮೊದಲು ಅದನ್ನು ತೆಗೆದು ನೋಡಿ, ಅಪ್‌ಗ್ರೇಡ್ ಆದ ಮೇಲೆ ಮತ್ತೆ ಹಾಕಿಕೊಳ್ಳಬಹುದು.
- 80070070 ಇದ್ದರೆ: ಡಿಸ್ಕ್‌ನಲ್ಲಿ ಜಾಗ ಸಾಲದು.
- ಸಿ1900200 ಇದ್ದರೆ: ಕಂಪ್ಯೂಟರ್ ಕನಿಷ್ಠ ಅಗತ್ಯ ಪೂರೈಸುತ್ತಿಲ್ಲ.

ವಿಂಡೋಸ್ 11ರ ಐಎಸ್‌ಒ ಫೈಲ್‌ನಿಂದ ಸೆಟಪ್ ಓಡಿಸಿದಾಗ 'ಗಮನ ಕೊಡಬೇಕಾದ ವಿಷಯಗಳು' ಎಂಬ ಅರ್ಥದ ಪಟ್ಟಿ ಬರಬಹುದು. ಅದರಲ್ಲಿ ಸಾಫ್ಟ್‌ವೇರ್ ಹೆಸರಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮುಂದುವರಿಯಿರಿ.

ಕೆಲವೊಮ್ಮೆ ಕಂಪ್ಯೂಟರ್ ಎಲ್ಲ ಅಗತ್ಯ ಪೂರೈಸಿದರೂ ವಿಂಡೋಸ್ ಅಪ್‌ಡೇಟ್‌ನಲ್ಲಿ 11 ಬರೋದೇ ಇಲ್ಲ. ಗೊತ್ತಿರುವ ಹೊಂದಾಣಿಕೆ ದೋಷ ಇರುವ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟೇ ಅಪ್‌ಡೇಟ್ ತಡೆಹಿಡಿಯುತ್ತೆ. ಹಿಂದೆ ಕೆಲವು ಇಂಟೆಲ್ ಆಡಿಯೋ ಡ್ರೈವರ್‌ಗಳ ವಿಷಯದಲ್ಲಿ ಹೀಗೇ ಆಗಿತ್ತು. ಅಂಥ ಸಂದರ್ಭದಲ್ಲಿ ಡ್ರೈವರ್ ಅಪ್‌ಡೇಟ್ ಮಾಡಿ ಕಾಯೋದು ಸರಿ. ಪೆನ್‌ಡ್ರೈವ್‌ನಿಂದ ಬಲವಂತವಾಗಿ ಹಾಕಿದರೆ ಅದೇ ದೋಷವನ್ನು ಕೈಯಾರೆ ಕರೆದಂತೆ.

ಪ್ರಿಂಟರ್ ಕೆಲಸ ಮಾಡುತ್ತಿಲ್ಲವಾ?

ಅಪ್‌ಗ್ರೇಡ್ ನಂತರ ಪ್ರಿಂಟರ್ ಹೆಸರು ಪಟ್ಟಿಯಲ್ಲಿ ಕಂಡರೂ ಪ್ರಿಂಟ್ ಬಾರದಿದ್ದರೆ, ಈ ಕ್ರಮದಲ್ಲಿ ಹೋಗಿ:

1. ಸೆಟ್ಟಿಂಗ್ಸ್ > ಬ್ಲೂಟೂತ್ ಆ್ಯಂಡ್ ಡಿವೈಸಸ್ > ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ಗೆ ಹೋಗಿ ಹಳೆಯ ಪ್ರಿಂಟರ್ ತೆಗೆದುಹಾಕಿ.
2. ಪ್ರಿಂಟರ್‌ನ ಹಳೆಯ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ.
3. ಯುಎಸ್‌ಬಿ ಕೇಬಲ್ ಬಿಚ್ಚಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.
4. ಕಂಪನಿಯ 64-ಬಿಟ್ ಡ್ರೈವರ್ ಹಾಕಿ. ಅದು ಕೇಳಿದಾಗ ಮಾತ್ರ ಕೇಬಲ್ ಜೋಡಿಸಿ.

ಕೇಬಲ್ ಮೊದಲೇ ಜೋಡಿಸಿದರೆ ವಿಂಡೋಸ್ ತನಗೆ ತೋಚಿದ ಡ್ರೈವರ್ ಹಾಕಿಬಿಡಬಹುದು. ಕ್ಯಾನನ್ ಎಲ್‌ಬಿಪಿ2900 ಥರದ ಹಳೆಯ ಲೇಸರ್ ಪ್ರಿಂಟರ್‌ಗಳು ಕ್ಯಾಪ್ಟ್ ಎಂಬ ಕಂಪನಿಯದ್ದೇ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತವೆ. ಅವಕ್ಕೆ ಸಾಮಾನ್ಯ ಡ್ರೈವರ್ ಆಗೋದಿಲ್ಲ, 64-ಬಿಟ್ ಕ್ಯಾಪ್ಟ್ ಡ್ರೈವರ್ರೇ ಬೇಕು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಕಂಪನಿ ಡ್ರೈವರ್ ಸಿಗದಿದ್ದರೆ ವಿಂಡೋಸ್‌ನ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಡ್ರೈವರ್‌ನಲ್ಲಿ ಇಂಗ್ಲಿಷ್ ಬಿಲ್, ರಸೀದಿ ಹೊಡೆಯಬಹುದು. ಆದರೆ ಅದರಲ್ಲಿ ಕನ್ನಡ ಅಕ್ಷರ, ಲೋಗೋ ಬರೋದಿಲ್ಲ.

ಹೊಸ ಡ್ರೈವರ್ ಹಾಕಿದರೂ ಆಗಲಿಲ್ಲ ಅಂದರೆ

ವಿಂಡೋಸ್ 11ರಲ್ಲಿ 'ಮೆಮೊರಿ ಇಂಟೆಗ್ರಿಟಿ' ಎಂಬ ಭದ್ರತಾ ವ್ಯವಸ್ಥೆ ಇದೆ. ಹಳೆಯ, ಸುರಕ್ಷಿತವಲ್ಲದ ಡ್ರೈವರ್‌ಗಳನ್ನು ಇದು ಲೋಡ್ ಆಗಲು ಬಿಡೋದಿಲ್ಲ. ವಿಂಡೋಸ್ ಸೆಕ್ಯುರಿಟಿ > ಡಿವೈಸ್ ಸೆಕ್ಯುರಿಟಿ > ಕೋರ್ ಐಸೋಲೇಶನ್ ತೆರೆದರೆ ಹೊಂದಿಕೆಯಾಗದ ಡ್ರೈವರ್‌ಗಳ ಹೆಸರು ಕಾಣಬಹುದು. ಆ ಹೆಸರಿನ ಡ್ರೈವರ್ ಯಾವ ಸಾಧನದ್ದು ಅಂತ ನೋಡಿ, ಹೊಸ ಆವೃತ್ತಿ ಹಾಕಿ. ಮೆಮೊರಿ ಇಂಟೆಗ್ರಿಟಿಯನ್ನೇ ಆಫ್ ಮಾಡುವ ಸಲಹೆ ಯೂಟ್ಯೂಬ್‌ನಲ್ಲಿ ಧಾರಾಳವಾಗಿ ಸಿಗುತ್ತೆ. ಕಾರಣ ಪತ್ತೆ ಮಾಡಲು ಸ್ವಲ್ಪ ಹೊತ್ತು ಆಫ್ ಮಾಡಬಹುದು. ಆದರೆ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ನಲ್ಲಿ ಕಾಯಂ ಆಗಿ ಆಫ್ ಇಡೋದು ಬೇಡ.

ನುಡಿ, ಬರಹ, ಪೇಜ್‌ಮೇಕರ್: ಕನ್ನಡ ಕಾಣದಿದ್ದರೆ

ಡಿಟಿಪಿ ಅಂಗಡಿಗಳಿಗೆ ಅತಿ ಮುಖ್ಯವಾದ ಭಾಗ ಇದು. ಮದುವೆ ಕಾರ್ಡ್, ಕರಪತ್ರ, ಪುಸ್ತಕಗಳ ಹಳೆಯ ಫೈಲ್‌ಗಳಲ್ಲಿ ಹೆಚ್ಚಿನವು ಯೂನಿಕೋಡ್‌ನಲ್ಲಿ ಇರೋದಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಇರುತ್ತವೆ. ಇವುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ. ಅದನ್ನು ಕನ್ನಡವಾಗಿ ತೋರಿಸೋದು ಫಾಂಟ್. ಫಾಂಟ್ ಇಲ್ಲವಾದರೆ ಫೈಲ್ ಪೂರ್ತಿ ಕೆಟ್ಟುಹೋದಂತೆ ಕಾಣುತ್ತೆ.

ಗಾಬರಿ ಬೇಡ, ಫೈಲ್ ಕೆಟ್ಟಿರೋದಿಲ್ಲ. ಹಾಗೆ ಕಂಡಾಗ ಅದನ್ನು ಸೇವ್ ಮಾಡಬೇಡಿ, ಫಾಂಟ್ ಬದಲಿಸಬೇಡಿ. ಮುಚ್ಚಿ, ಅದೇ ಹೆಸರಿನ ಫಾಂಟ್ ಹಾಕಿ, ಮತ್ತೆ ತೆರೆಯಿರಿ.

ಫಾಂಟ್ ಹಾಕುವಾಗಲೂ ಒಂದು ಸೂಕ್ಷ್ಮ ಇದೆ. ಫಾಂಟ್ ಫೈಲ್ ತೆರೆದು ಬರೀ 'ಇನ್‌ಸ್ಟಾಲ್' ಒತ್ತಿದರೆ ಅದು ಆ ಯೂಸರ್‌ಗೆ ಮಾತ್ರ ಸೇರಬಹುದು, ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರ್‌ಗೆ ಕಾಣದೇ ಹೋಗಬಹುದು. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ರೈಟ್ ಕ್ಲಿಕ್ ಮೆನುವಿನಲ್ಲಿ ಅದು ಕಾಣದಿದ್ದರೆ 'ಶೋ ಮೋರ್ ಆಪ್ಶನ್ಸ್' ಒತ್ತಿ.

ಇನ್ನೊಂದು ತೊಂದರೆ, ಫಾಂಟ್ ಇದ್ದರೂ ಕನ್ನಡ ಟೈಪ್ ಆಗದಿರುವುದು. ನೋಟ್‌ಪ್ಯಾಡ್‌ನಲ್ಲಿ ಕನ್ನಡ ಮೂಡುತ್ತೆ, ಪೇಜ್‌ಮೇಕರ್‌ನಲ್ಲಿ ಮೂಡೋದಿಲ್ಲ. ಇದಕ್ಕೆ ಕಾರಣ ಹಲವು ಸಲ ಅನುಮತಿಯ ಮಟ್ಟ. ಪೇಜ್‌ಮೇಕರ್ ಅನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆಗಿ ತೆರೆದು, ನುಡಿಯನ್ನು ಸಾಮಾನ್ಯವಾಗಿ ತೆರೆದಿದ್ದರೆ, ಕೆಳಗಿನ ಮಟ್ಟದ ನುಡಿ ಮೇಲಿನ ಮಟ್ಟದ ಪೇಜ್‌ಮೇಕರ್‌ಗೆ ಅಕ್ಷರ ಕಳಿಸದಂತೆ ವಿಂಡೋಸ್ ತಡೆಯುತ್ತೆ. ಪರಿಹಾರ ಸರಳ: ಎರಡನ್ನೂ ಒಂದೇ ರೀತಿ ತೆರೆಯಿರಿ. ಪೇಜ್‌ಮೇಕರ್‌ಗೆ ಅಡ್ಮಿನಿಸ್ಟ್ರೇಟರ್ ಬೇಕೇ ಬೇಕು ಅಂತಿದ್ದರೆ ನುಡಿಯನ್ನೂ ಹಾಗೇ ತೆರೆಯಿರಿ.

ವರ್ಡ್ ಫೈಲ್‌ಗಳಲ್ಲಿ ತುಂಗಾ ಫಾಂಟ್ ಬಳಸಿದ್ದವರಿಗೆ ಅಕ್ಷರದ ರೂಪ, ಪುಟಗಳ ಸಂಖ್ಯೆ ಬದಲಾದಂತೆ ಕಾಣಬಹುದು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ವಿಂಡೋಸ್‌ನಲ್ಲಿ ತುಂಗಾ ಇಲ್ಲದಿದ್ದರೆ ಕನ್ನಡವನ್ನು ನಿರ್ಮಲಾ ಯುಐ ಫಾಂಟ್ ತೋರಿಸುತ್ತೆ. ಸೆಟ್ಟಿಂಗ್ಸ್‌ನ ಆಪ್ಶನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿದರೆ ತುಂಗಾ ಮರಳಿ ಬರುತ್ತೆ.

ಪೇಜ್‌ಮೇಕರ್ 7.0 ಬಂದಿದ್ದು 2001ರಲ್ಲಿ. ಅಡೋಬಿ ಅದನ್ನು ಕೈಬಿಟ್ಟು ವರ್ಷಗಳೇ ಆಗಿವೆ, ಅದಕ್ಕೆ ಯೂನಿಕೋಡ್ ಕನ್ನಡ ಬರೋದಿಲ್ಲ. ವಿಂಡೋಸ್ 11ರಲ್ಲಿ ಇವತ್ತು ಓಡಿದರೂ ನಾಳೆಗೆ ಯಾರೂ ಖಾತರಿ ಕೊಡೋದಿಲ್ಲ. ಮತ್ತೆ ಬೇಕಾಗುವ ಹಳೆಯ ಕೆಲಸಗಳನ್ನು ಈಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಪಠ್ಯವನ್ನು ನುಡಿ ಅಥವಾ ಬರಹದ ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ಅಂತ ಒಮ್ಮೆ ಓದಿ ನೋಡಿ.

ಥಂಬ್ ಡಿವೈಸ್ ಮತ್ತು ಡಿಜಿಟಲ್ ಸಹಿ

ಆಧಾರ್ ಬಯೋಮೆಟ್ರಿಕ್ ಸಾಧನಕ್ಕೆ ಎರಡು ಸಾಫ್ಟ್‌ವೇರ್ ಬೇಕು. ಒಂದು ಡ್ರೈವರ್, ಇನ್ನೊಂದು ಆರ್‌ಡಿ ಸರ್ವಿಸ್. ಡ್ರೈವರ್ ಸರಿ ಇದ್ದು ಸಾಧನದ ದೀಪ ಹತ್ತಿದರೂ, ಆರ್‌ಡಿ ಸರ್ವಿಸ್ ಓಡದಿದ್ದರೆ ಪೋರ್ಟಲ್‌ಗೆ ಸಾಧನ ಸಿಗೋದಿಲ್ಲ.

- ಡಿವೈಸ್ ಮ್ಯಾನೇಜರ್ ತೆರೆದು ಸಾಧನದ ಮುಂದೆ ಹಳದಿ ಗುರುತು ಇದೆಯಾ ನೋಡಿ. ಇದ್ದರೆ ಡ್ರೈವರ್ ತೊಂದರೆ.
- ಹಳದಿ ಗುರುತು ಇಲ್ಲದಿದ್ದರೆ ಸರ್ವಿಸಸ್ ಪಟ್ಟಿಯಲ್ಲಿ ಆರ್‌ಡಿ ಸರ್ವಿಸ್ 'ರನ್ನಿಂಗ್' ಇದೆಯಾ ನೋಡಿ. ಇಲ್ಲದಿದ್ದರೆ ಸ್ಟಾರ್ಟ್ ಮಾಡಿ.
- ಅದೂ ಓಡುತ್ತಿದ್ದರೆ ಆ್ಯಂಟಿವೈರಸ್ ಅಥವಾ ಫೈರ್‌ವಾಲ್ ತಡೆಯುತ್ತಿರಬಹುದು. ಆರ್‌ಡಿ ಸರ್ವಿಸ್ ಕಂಪ್ಯೂಟರ್ ಒಳಗೇ 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ ಒಂದನ್ನು ಬಳಸುತ್ತೆ.
- ಸಾಧನ ಯುಐಡಿಎಐ ಈಗ ಒಪ್ಪುವ ಎಲ್1 ಮಾದರಿಯದ್ದಾ ನೋಡಿ. ಹಳೆಯ ಎಲ್0 ಸಾಧನ ಆಗಿದ್ದರೆ ತಪ್ಪು ವಿಂಡೋಸ್‌ನದ್ದಾಗಿರಲಿಕ್ಕಿಲ್ಲ.

ಡಿಜಿಟಲ್ ಸಹಿಯ ಟೋಕನ್‌ಗೂ ಇದೇ ಕ್ರಮ. ಟೋಕನ್ ಕಂಪನಿಯ ಹೊಸ ಡ್ರೈವರ್ ಹಾಕಿ, ಆಮೇಲೆ ಪೋರ್ಟಲ್ ಹೇಳುವ ಸಹಿ ಸಾಫ್ಟ್‌ವೇರ್ ಅನ್ನು ಹೊಸದಾಗಿ ಹಾಕಿ. ಒಂದು ಮಾತು ನೆನಪಿರಲಿ: ಟೋಕನ್ ಕಾಣುತ್ತಿಲ್ಲ ಅಂತ ಅದನ್ನು 'ಇನಿಶಿಯಲೈಸ್' ಅಥವಾ 'ಫಾರ್ಮ್ಯಾಟ್' ಮಾಡಬೇಡಿ. ಒಳಗಿರುವ ಸರ್ಟಿಫಿಕೇಟ್ ಅಳಿಸಿಹೋಗುತ್ತೆ, ಮತ್ತೆ ದುಡ್ಡು ಕೊಟ್ಟು ಮಾಡಿಸಬೇಕಾಗುತ್ತೆ.

ಹಳೆಯ ಪೋರ್ಟಲ್ ತೆರೆಯುತ್ತಿಲ್ಲವಾ?

ವಿಂಡೋಸ್ 11ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲ. ಆದರೆ ಅದನ್ನೇ ಕೇಳುವ ವೆಬ್‌ಸೈಟ್‌ಗಳಿಗೆ ಎಡ್ಜ್ ಬ್ರೌಸರ್‌ನಲ್ಲಿ ಐಇ ಮೋಡ್ ಇದೆ. ಎಡ್ಜ್ ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಬ್ರೌಸರ್' ವಿಭಾಗದಲ್ಲಿ ಐಇ ಮೋಡ್‌ಗೆ ಅನುಮತಿ ಕೊಟ್ಟು, ಆ ವಿಳಾಸ ಸೇರಿಸಿ. ಹೀಗೆ ಸೇರಿಸಿದ ವಿಳಾಸ 30 ದಿನ ಇರುತ್ತೆ, ಆಮೇಲೆ ಮತ್ತೆ ಸೇರಿಸಬೇಕು. 'ನಿನ್ನೆವರೆಗೂ ಬರ್ತಿತ್ತು, ಇವತ್ತು ಬರ್ತಿಲ್ಲ' ಅನ್ನೋರು ಮೊದಲು ಇದನ್ನು ನೋಡಿ.

ಹಳೆಯ ಸಾಫ್ಟ್‌ವೇರ್ ತೆರೆಯದಿದ್ದರೆ

ಸಾಫ್ಟ್‌ವೇರ್‌ನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ > ಕಂಪ್ಯಾಟಿಬಿಲಿಟಿಗೆ ಹೋಗಿ. ಮೊದಲು ವಿಂಡೋಸ್ 7 ಮೋಡ್ ಆರಿಸಿ ನೋಡಿ. ಆಗದಿದ್ದರೆ ವಿಂಡೋಸ್ ಎಕ್ಸ್‌ಪಿ ಮೋಡ್. ಅಕ್ಷರ ಮಸುಕಾಗಿ ಅಥವಾ ತೀರಾ ಚಿಕ್ಕದಾಗಿ ಕಂಡರೆ ಅಲ್ಲೇ ಇರುವ 'ಹೈ ಡಿಪಿಐ' ಸೆಟ್ಟಿಂಗ್ ಬದಲಿಸಿ. ಒಂದು ಸಲಕ್ಕೆ ಒಂದೇ ಆಯ್ಕೆ ಬದಲಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಟಿಕ್ ಮಾಡಿದರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗೋದಿಲ್ಲ.

ಕಂಪ್ಯಾಟಿಬಿಲಿಟಿ ಮೋಡ್ ಸಾಫ್ಟ್‌ವೇರ್‌ಗೆ ಮಾತ್ರ. ಯುಎಸ್‌ಬಿ ಲಾಕ್ ಅಂದರೆ ಡಾಂಗಲ್ ಇರುವ ಸಾಫ್ಟ್‌ವೇರ್‌ಗೆ ಡಾಂಗಲ್‌ನ 64-ಬಿಟ್ ಡ್ರೈವರ್ ಬೇರೆ ಬೇಕೇ ಬೇಕು.

ಏನೂ ಆಗದಿದ್ದರೆ: 10 ದಿನದ ಅವಕಾಶ

ಫೈಲ್, ಆ್ಯಪ್ ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದ್ದರೆ, 10 ದಿನದ ಒಳಗೆ ವಿಂಡೋಸ್ 10ಕ್ಕೆ ಮರಳಬಹುದು. ಸೆಟ್ಟಿಂಗ್ಸ್ > ಸಿಸ್ಟಮ್ > ರಿಕವರಿ > ಗೋ ಬ್ಯಾಕ್ ಒತ್ತಿ. ಅಪ್‌ಗ್ರೇಡ್ ಆದ ಮೇಲೆ ಹಾಕಿದ ಸಾಫ್ಟ್‌ವೇರ್ ಹೋಗುತ್ತೆ, ನಿಮ್ಮ ಫೈಲ್‌ಗಳು ಉಳಿಯುತ್ತವೆ. ಆದರೂ ಬ್ಯಾಕಪ್ ಇಟ್ಟುಕೊಂಡೇ ಮಾಡಿ.

ಹಿಂದಿನ ವಿಂಡೋಸ್ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್‌ನಲ್ಲಿ ಇರುತ್ತೆ. ಜಾಗ ಉಳಿಸೋಣ ಅಂತ ಅದನ್ನು ಅಳಿಸಿದರೆ ಈ ದಾರಿ ಮುಚ್ಚಿತು ಅಂತಲೇ ಲೆಕ್ಕ. ಫಾರ್ಮ್ಯಾಟ್ ಮಾಡಿ ಹಾಕಿಸಿದವರಿಗೂ ಈ ಅವಕಾಶ ಇರೋದಿಲ್ಲ.

ಹಾಗಾಗಿ ಆ 10 ದಿನವನ್ನು ಪರೀಕ್ಷೆಗೆ ಬಳಸಿ. ಮೊದಲು ಬರೆದುಕೊಂಡ ಹಾಳೆ ತೆಗೆದು, ಮೊದಲ ಎರಡು ದಿನದಲ್ಲೇ ಪ್ರತಿಯೊಂದನ್ನೂ ಒಮ್ಮೆ ಓಡಿಸಿ. ತಿಂಗಳ ಕೊನೆಗೆ ಮಾತ್ರ ಬಳಸುವ ಡಿಜಿಟಲ್ ಸಹಿ, ವರ್ಷಕ್ಕೊಮ್ಮೆ ತೆರೆಯುವ ಲೆಕ್ಕದ ಫೈಲ್ ಕೂಡ ಬಿಡಬೇಡಿ. 11ನೇ ದಿನ ಗೊತ್ತಾದರೆ ತಡವಾದಂತೆ.

ಕಂಪ್ಯೂಟರ್‌ಗೆ ವಿಂಡೋಸ್ 11 ಆಗೋದೇ ಇಲ್ಲ ಅಂದರೆ

'ಬೈಪಾಸ್ ಮಾಡಿ ಹಾಕಿಕೊಡ್ತೀವಿ' ಅನ್ನುವವರು ಇದ್ದಾರೆ. ತಾಂತ್ರಿಕವಾಗಿ ಅದು ಹಲವು ಕಂಪ್ಯೂಟರ್‌ಗಳಲ್ಲಿ ಆಗುತ್ತೆ. ಆದರೆ ಅಂಥ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. 24ಎಚ್2 ಆವೃತ್ತಿಯಿಂದ ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11 ಬೂಟ್ ಕೂಡ ಆಗೋದಿಲ್ಲ. ಭದ್ರತಾ ಅಪ್‌ಡೇಟ್‌ಗಾಗಿ ಅಪ್‌ಗ್ರೇಡ್ ಮಾಡಿ, ಅದೇ ಅಪ್‌ಡೇಟ್ ಬಾರದಿದ್ದರೆ ಮಾಡಿದ್ದು ವ್ಯರ್ಥ.

ಬದಲಿಗೆ ಕೆಲಸ ಹಂಚಿಕೊಳ್ಳಬಹುದು. ಆನ್‌ಲೈನ್ ಕೆಲಸಕ್ಕೆ, ಹಣದ ವ್ಯವಹಾರಕ್ಕೆ ಅಪ್‌ಡೇಟ್ ಸಿಗುವ ಕಂಪ್ಯೂಟರ್ ಇರಲಿ. ಹಳೆಯ ಪೇಜ್‌ಮೇಕರ್, ಹಳೆಯ ಪ್ರಿಂಟರ್ ಇರುವ ಕಂಪ್ಯೂಟರ್ ಅನ್ನು ನೆಟ್ ತೆಗೆದು, ಮುದ್ರಣದ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಹಾಕುವ ಮುಂಚೆ ಸ್ಕ್ಯಾನ್ ಮಾಡಿ. ಮಕ್ಕಳ ಓದು, ಬ್ರೌಸಿಂಗ್, ಯೂನಿಕೋಡ್ ಕನ್ನಡ ಟೈಪಿಂಗ್ ಅಷ್ಟೇ ಸಾಕು ಅಂದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಉಚಿತವಾಗಿ ಹಾಕಿಕೊಳ್ಳಬಹುದು. ಥಂಬ್ ಡಿವೈಸ್, ಪೇಜ್‌ಮೇಕರ್ ಬೇಕಾದವರಿಗೆ ಅದು ಹೊಂದೋದಿಲ್ಲ.

ಎಚ್ಚರ ಇರಲಿ

ಡ್ರೈವರ್ ಹುಡುಕುವಾಗ ಗೂಗಲ್‌ನಲ್ಲಿ ಮೊದಲು ಬರುವ ಲಿಂಕ್ ಕಂಪನಿಯದ್ದೇ ಅಂತ ನಂಬಬೇಡಿ, ವಿಳಾಸ ಓದಿ ನೋಡಿ. 'ನಿಮ್ಮ ವಿಂಡೋಸ್ ಅವಧಿ ಮುಗಿದಿದೆ' ಅಂತ ಮೈಕ್ರೋಸಾಫ್ಟ್ ಹೆಸರಲ್ಲಿ ಕರೆ ಬಂದರೆ ಅದು ಮೋಸ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಕಂಪ್ಯೂಟರ್ ಕೈಗೆ ಕೊಡಿ ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಂಗಡಿಗೆ ಕಂಪ್ಯೂಟರ್ ಒಯ್ಯುವುದೇ ಆದರೆ ಎರಡು ಮಾತು ಮೊದಲೇ ಹೇಳಿ: 'ಬ್ಯಾಕಪ್ ಇಲ್ಲದೆ ಫಾರ್ಮ್ಯಾಟ್ ಮಾಡಬೇಡಿ, ಎರರ್ ಕೋಡ್ ನೋಡಿ ಕಾರಣ ಹೇಳಿ.' ಜೊತೆಗೆ ಪ್ರಿಂಟರ್, ಥಂಬ್ ಡಿವೈಸ್, ಟೋಕನ್‌ಗಳನ್ನೂ ಒಯ್ಯಿರಿ. ಅಲ್ಲೇ ಒಂದು ಹಾಳೆ ಪ್ರಿಂಟ್ ತೆಗೆದು, ಒಂದು ಹಳೆಯ ಕನ್ನಡ ಫೈಲ್ ತೆರೆದು, ಥಂಬ್ ಡಿವೈಸ್ ಓಡುತ್ತಿದೆಯಾ ನೋಡಿದ ಮೇಲೆಯೇ ದುಡ್ಡು ಕೊಡಿ.